ಸೂತಿಕಾಪರಿಚರ್ಯೆಯೂ ಶರೀರಲಾಘವವೂ

ಪ್ರಸವವಾದ ಸ್ತ್ರೀಯ ಶರೀರವನ್ನು ಮತ್ತೆ ಮೊದಲಿನ ಸ್ಥಿತಿಗೆ ತರುವ ಬಗೆ ಯಾವುದೆಂಬ ವಿಷಯದಲ್ಲಿ ಈಗ ಎರಡು ಪಕ್ಷಗಳು ಕೇಳಿಬರುತ್ತವೆ. ಬಾಣಂತಿಗೆ ತುಪ್ಪವನ್ನೂ ಲೇಹ್ಯವನ್ನೂ ಎಷ್ಟು ಕೊಟ್ಟರೂ ಹಿತವೇ, ಇದು ಪ್ರಾಚೀನರ ಮತ ಎಂಬುದು ಒಂದು. ಹೆತ್ತ ಕೆಲವು ದಿನಗಳಲ್ಲಿಯೇ ಉಪವಾಸ ವ್ಯಾಯಾಮಗಳಿಂದ ಮೈ ಇಳಿಸತಕ್ಕದ್ದು, ಲಂಘನವೂ ಪ್ರಾಚೀನರು ಹೇಳಿದ ಉಪಾಯವೇ ಅಲ್ಲವೆ ಎಂಬುದು ಮತ್ತೊಂದು. ಮೂಲಗ್ರಂಥಗಳನ್ನು ಕ್ರಮವಾಗಿ ನೋಡಿದರೆ ಇವೆರಡಕ್ಕೂ ಆಧಾರವು ದೊರೆಯುವುದಿಲ್ಲ. ಸೂತಿಕೆಯ ಪ್ರಕರಣವು ಬೇರೆ, ಸ್ಥೌಲ್ಯದ ಪ್ರಕರಣವು ಬೇರೆ. ಇವುಗಳ ಕಾಲವಿಭಾಗವನ್ನು ಅರಿಯದೆ ಒಂದರ ವಿಧಿಯನ್ನು ಇನ್ನೊಂದಕ್ಕೆ ಹಚ್ಚಿದುದರಿಂದಲೇ ಈ ಗೊಂದಲವು ಹುಟ್ಟಿತು.

ಚರಕಸಂಹಿತೆಯ ಶಾರೀರಸ್ಥಾನದ 8ನೆಯ ಅಧ್ಯಾಯದಲ್ಲಿ ಸೂತಿಕೆಯ ಉಪಚಾರವು ವಿಸ್ತಾರವಾಗಿ ಬಂದಿದೆ. ಹಸಿವು ತೋರಿದೊಡನೆ ಆಕೆಯ ದೇಹಕ್ಕೆ ಒಗ್ಗುವ ಸ್ನೇಹದ್ರವ್ಯವನ್ನು ಹಿಪ್ಪಲಿ, ಹಿಪ್ಪಲೀಮೂಲ, ಚವ್ಯ, ಚಿತ್ರಮೂಲ, ಶುಂಠಿಗಳ ಚೂರ್ಣದೊಡನೆ ಕುಡಿಸುವುದು, ಅದು ಜೀರ್ಣವಾದ ಮೇಲೆ ತೆಳುವಾದ ಗಂಜಿಯನ್ನು ಕೊಡುವುದು, ಎರಡು ಹೊತ್ತೂ ಬಿಸಿನೀರನ್ನು ಎರೆಯುವುದು, ಹೀಗೆ ಐದು ಅಥವಾ ಏಳು ರಾತ್ರಿಗಳನ್ನು ಕಳೆದು ಬಳಿಕ ಕ್ರಮಕ್ರಮವಾಗಿ ಪುಷ್ಟಿಗೊಳಿಸುವುದು, ಇದು ಅಲ್ಲಿನ ಸಾರ. ಇದಕ್ಕೆ ಕಾರಣವನ್ನೂ ಗ್ರಂಥಕಾರನು ಹೇಳಿರುವನು. ಗರ್ಭವು ಬೆಳೆದುದರಿಂದ ಧಾತುಗಳು ಸಡಿಲಿ, ಪ್ರಸವದ ವೇದನೆಯಿಂದಲೂ ರಕ್ತಸ್ರಾವದಿಂದಲೂ ಶರೀರವು ಬರಿದಾಗಿರುತ್ತದೆ. ಆದುದರಿಂದ ಸೂತಿಕೆಗೆ ಬಂದ ವ್ಯಾಧಿಯು ಕಷ್ಟಸಾಧ್ಯ ಅಥವಾ ಅಸಾಧ್ಯ. ಹೊರಗಿನಿಂದ ನೋಡುವವರಿಗೆ ತುಂಬಿದಂತೆ ಕಾಣುವ ದೇಹವನ್ನು ಶಾಸ್ತ್ರವು ಶೂನ್ಯವೆಂದು ಎಣಿಸಿತೆಂಬುದು ಇಲ್ಲಿ ಮುಖ್ಯವಾಗಿ ಗಮನಿಸತಕ್ಕ ಅಂಶ.

ಸುಶ್ರುತಸಂಹಿತೆಯ ಶಾರೀರಸ್ಥಾನದ 10ನೆಯ ಅಧ್ಯಾಯವು ಇದನ್ನು ಇನ್ನೂ ಸ್ಪಷ್ಟವಾದ ಹಂತಗಳಾಗಿ ವಿಂಗಡಿಸುತ್ತದೆ. ಮೊದಲು ಬಲಾತೈಲದ ಅಭ್ಯಂಗ ಮತ್ತು ವಾತಹರ ಔಷಧಗಳು. ದೋಷವು ಉಳಿದಿದ್ದರೆ ಎರಡು ಮೂರು ರಾತ್ರಿ ಬಿಸಿಯಾದ ಬೆಲ್ಲದ ನೀರಿನೊಡನೆ ಹಿಪ್ಪಲಿ ಮೊದಲಾದವುಗಳ ಚೂರ್ಣ. ಅನಂತರ ಮೂರು ರಾತ್ರಿ ಸ್ನೇಹದ ಅಥವಾ ಹಾಲಿನ ಗಂಜಿ. ಆಮೇಲೆ ಜವೆ, ಎಲಚಿ, ಹುರುಳಿಗಳನ್ನು ಹಾಕಿ ಬೇಯಿಸಿದ ಜಾಂಗಲಮಾಂಸದ ರಸದೊಡನೆ ಶಾಲಿಯ ಅನ್ನ. ಅದನ್ನೂ ಆಕೆಯ ಬಲವನ್ನೂ ಅಗ್ನಿಬಲವನ್ನೂ ನೋಡಿಯೇ ಕೊಡಬೇಕೆಂದು ವಿಧಿಸಿದೆ. ಹೀಗೆ ಒಂದೂವರೆ ತಿಂಗಳು ಕಳೆದ ಮೇಲೆ ಆಹಾರವಿಹಾರಗಳ ಕಟ್ಟು ಬಿಡುತ್ತದೆ, ಸೂತಿಕೆಯೆಂಬ ಹೆಸರೂ ಹೋಗುತ್ತದೆ. ಮತ್ತೆ ರಜೋದರ್ಶನವಾಗುವವರೆಗೂ ಆ ಹೆಸರು ಸಲ್ಲುವುದೆಂದು ಕೆಲವರ ಮತ. ಮಿಥ್ಯಾಚಾರದಿಂದಲೂ ಅತಿಯಾದ ಅಪತರ್ಪಣದಿಂದಲೂ, ಎಂದರೆ ಆಹಾರವನ್ನು ಮಿತಿಮೀರಿ ಕಡಿಮೆ ಮಾಡುವುದರಿಂದಲೂ, ಹುಟ್ಟುವ ರೋಗವು ವಾಸಿಯಾಗುವುದು ದುಸ್ತರವೆಂದು ಸುಶ್ರುತನು ಎಚ್ಚರಿಸಿರುವನು. ಕೋಪ, ಆಯಾಸಗಳನ್ನೂ ಅವನು ನಿಷೇಧಿಸಿರುವನು. ವಾಗ್ಭಟನ ಅಷ್ಟಾಂಗಹೃದಯವೂ ಒಂದೂವರೆ ತಿಂಗಳ ಅವಧಿಯನ್ನೇ ಒಪ್ಪುತ್ತದೆ. 16ನೆಯ ಶತಮಾನದ ಭಾವಮಿಶ್ರನು ಉಪದ್ರವಗಳೆಲ್ಲ ಕಳೆದುವೆಂದು ತಿಳಿದು ನಾಲ್ಕು ತಿಂಗಳ ಮೇಲೆ ನಿಯಮವನ್ನು ಸಡಿಲಿಸಬೇಕೆಂದು ಹೇಳುತ್ತಾನೆ.

ಇನ್ನು ಸ್ಥೌಲ್ಯದ ವಿಚಾರ. ಚರಕನ ಸೂತ್ರಸ್ಥಾನದ 21ನೆಯ ಅಧ್ಯಾಯದಲ್ಲಿ ನಿಂದಿತರಾದ ಎಂಟು ಬಗೆಯ ದೇಹಿಗಳಲ್ಲಿ ಅತಿಸ್ಥೂಲನೂ ಅತಿಕೃಶನೂ ಸೇರಿದ್ದಾರೆ. ಸ್ಥೂಲನಿಗೆ ಹೊಟ್ಟೆ ತುಂಬುವಂತಿದ್ದರೂ ಮೈಯನ್ನು ಬೆಳೆಸದ ಆಹಾರವನ್ನು ಕೊಡಬೇಕೆಂಬುದು ಅಲ್ಲಿನ ಸೂತ್ರ. ಜವೆ, ಸಾಮೆ, ಹಾರಕ, ಹೆಸರು, ಹುರುಳಿ ಮೊದಲಾದ ಧಾನ್ಯಗಳು ಅಲ್ಲಿ ವಿಹಿತವಾಗಿವೆ. ಇವುಗಳೊಡನೆ ಜಾಗರಣ, ವ್ಯಾಯಾಮ, ಚಿಂತನೆಗಳನ್ನು ಮೆಲ್ಲಮೆಲ್ಲನೆ ಹೆಚ್ಚಿಸಬೇಕೆಂದಿದೆ. ಜಾಗರಣವೂ ಆಯಾಸವೂ ಸೂತಿಕೆಗೆ ಹಿತವಾದವುಗಳಲ್ಲ. ಆದುದರಿಂದ ಈ ಚಿಕಿತ್ಸೆಯನ್ನು ಸೂತಿಕಾಕಾಲದಲ್ಲಿ ಪ್ರಯೋಗಿಸುವುದು ಶಾಸ್ತ್ರವಿರುದ್ಧವೆಂದು ಬೇರೆ ಹೇಳಬೇಕಾಗಿಲ್ಲ.

ಆದರೂ ಈ ಎರಡು ಪ್ರಕರಣಗಳು ಸಂಧಿಸುವ ಒಂದು ಸ್ಥಳವುಂಟು. ಸೂತಿಕೆಯ ಅನ್ನಕ್ಕೆ ಸುಶ್ರುತನು ಹೇಳಿದ ಜವೆ ಹುರುಳಿಗಳೇ ಚರಕನ ಸ್ಥೌಲ್ಯಚಿಕಿತ್ಸೆಯಲ್ಲಿಯೂ ಬರುತ್ತವೆ. ಎಂದರೆ ಸ್ನೇಹಪ್ರಧಾನವಾದ ಆಹಾರವು ಮೊದಲ ಕೆಲವು ದಿನಗಳಿಗೆ ಮಾತ್ರ ಹೇಳಿದುದು. ಆಮೇಲೆ ಆಹಾರವು ತಾನಾಗಿಯೇ ಲಘುತ್ವದ ಕಡೆಗೆ ತಿರುಗುತ್ತದೆ. ತಿಂಗಳುಗಟ್ಟಲೆ ತುಪ್ಪದಲ್ಲಿ ಅದ್ದಿದ ಊಟವನ್ನೇ ಬಡಿಸುವುದು ಲೋಕಾಚಾರವೇ ಹೊರತು ಈ ಗ್ರಂಥಗಳ ವಿಧಿಯಲ್ಲ. ಪುಷ್ಟಿಗೊಳಿಸುವುದಕ್ಕೂ ಇಳಿಸುವುದಕ್ಕೂ ಕ್ರಮವೆಂಬುದೊಂದೇ ನಿಯಮವನ್ನು ಹೇಳಿದುದೂ ಅರ್ಥವತ್ತಾಗಿದೆ.

ಹೊಟ್ಟೆಗೆ ಬಟ್ಟೆ ಕಟ್ಟುವ ಪದ್ಧತಿಯು ಕನ್ನಡನಾಡಿನ ಬಾಣಂತಿಕೋಣೆಗಳಲ್ಲಿ ಸುಪ್ರಸಿದ್ಧವಾದುದು. ಇದರಿಂದ ಬೊಜ್ಜು ಕರಗುವುದೆಂದು ಹಲವರ ನಂಬಿಕೆ. ಚರಕನು ಈ ಪದ್ಧತಿಯನ್ನು ಹೇಳಿರುವುದು ನಿಜ. ತುಪ್ಪ ಎಣ್ಣೆಗಳನ್ನು ಸವರಿ ಅಗಲವಾದ ವಸ್ತ್ರದಿಂದ ಉದರವನ್ನು ಸುತ್ತಬೇಕೆಂದೂ, ಅವಕಾಶವಿಲ್ಲದಂತಾಗುವುದರಿಂದ ವಾಯುವು ಅಲ್ಲಿ ವಿಕಾರವನ್ನುಂಟುಮಾಡಲಾರದೆಂದೂ ಅವನ ಮಾತು. ಮೇದಸ್ಸಿನ ಹೆಸರೇ ಅಲ್ಲಿಲ್ಲ. ಸಡಿಲಿದ ಉದರಕ್ಕೆ ಆಸರೆಯಾಗಲೆಂದು ಹುಟ್ಟಿದ ಆಚಾರಕ್ಕೆ ಕಾಲಾಂತರದಲ್ಲಿ ಬೇರೊಂದು ಫಲವನ್ನು ಆರೋಪಿಸಲಾಯಿತು.

ದೇಶಭೇದವನ್ನೂ ಪ್ರಾಚೀನರು ಮರೆಯಲಿಲ್ಲ. ಒಣನೆಲದಲ್ಲಿ ಹುಟ್ಟಿದ ಸೂತಿಕೆಗೆ ತುಪ್ಪವನ್ನಾಗಲಿ ಎಣ್ಣೆಯನ್ನಾಗಲಿ ಕುಡಿಸಬೇಕೆಂದು ಸುಶ್ರುತನು ವಿಶೇಷವಾಗಿ ಹೇಳಿರುವನು. ನೇಪಾಳದಲ್ಲಿ ದೊರೆತ ತಾಳೆಯೋಲೆಯ ಪ್ರತಿಯಿಂದ 1938ರಲ್ಲಿ ಮುಂಬಯಿಯ ನಿರ್ಣಯಸಾಗರ ಮುದ್ರಣಾಲಯದಲ್ಲಿ ಅಚ್ಚಾದ ಕಾಶ್ಯಪಸಂಹಿತೆಯು, ಜಲಪ್ರಾಯವಾದ ಅನೂಪದೇಶದಲ್ಲಿ ಸ್ನೇಹಕ್ಕಿಂತ ಅಗ್ನಿಯನ್ನು ಬೆಳಗಿಸುವ ಗಂಜಿಯೇ ಮೇಲೆಂದೂ, ಜಾಂಗಲದೇಶದಲ್ಲಿ ಸ್ನೇಹವು ಹಿತವೆಂದೂ ವಿಂಗಡಿಸುತ್ತದೆ. ಮಲೆನಾಡಿನ ಬಾಣಂತಿಗೂ ಬಯಲುಸೀಮೆಯ ಬಾಣಂತಿಗೂ ಒಂದೇ ಅಳತೆಯು ಸಲ್ಲದೆಂಬುದಕ್ಕೆ ಇದು ಸಾಕಾದ ಪ್ರಮಾಣ. ಕೆಲವು ಮನೆಗಳಲ್ಲಿ ಬಾಣಂತಿಗೆ ಕುಡಿಯುವ ನೀರನ್ನು ಕಡಿಮೆ ಮಾಡುವ ರೂಢಿಯುಂಟು. ಗಂಜಿ, ಹಾಲು, ರಸಗಳಿಂದಲೇ ಕೂಡಿದ ಮೇಲಿನ ವಿಧಿಗಳಿಗೂ ಈ ರೂಢಿಗೂ ಹೊಂದಿಕೆಯಿಲ್ಲ. ಹಾಲೂಡುವವಳಿಗೆ ನೀರು ಹೆಚ್ಚಾಗಿಯೇ ಬೇಕು.

ಆಧುನಿಕ ವೈದ್ಯರ ನಿರ್ಣಯವೂ ಇದಕ್ಕೆ ಬಹಳ ದೂರವಿಲ್ಲ. ಪ್ರಸವವಾದಾಗ ಸುಮಾರು ಒಂದು ಕಿಲೋಗ್ರಾಂ ತೂಗುವ ಗರ್ಭಾಶಯವು ಆರು ವಾರಗಳಲ್ಲಿ ನೂರು ಗ್ರಾಂಗಿಂತ ಕಡಿಮೆಯಾಗುತ್ತದೆ. ಈ 42 ದಿನಗಳನ್ನೇ ಅವರು ಸೂತಿಕಾಕಾಲವೆಂದು ಎಣಿಸುತ್ತಾರೆ. ಸುಶ್ರುತನ ಲೆಕ್ಕವು 45 ದಿನ. ಮೊದಲ ಆರು ತಿಂಗಳು ಮೊಲೆಯೂಡುವ ತಾಯಿಗೆ ದಿನಕ್ಕೆ 600 ಕ್ಯಾಲೊರಿಗಳಷ್ಟು ಆಹಾರವು ಹೆಚ್ಚಾಗಿ ಬೇಕೆಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯು 2020ರಲ್ಲಿ ಗೊತ್ತುಮಾಡಿತು. ಮೊಲೆಯೂಡುವಿಕೆಯಿಂದಲೇ ಸಂಚಿತವಾದ ಮೇದಸ್ಸು ಸ್ವಲ್ಪಸ್ವಲ್ಪವಾಗಿ ವ್ಯಯವಾಗುತ್ತದೆ. ಅಧಿಕ ತೂಕವುಳ್ಳ ಮೊಲೆಯೂಡುವ ತಾಯಂದಿರು ವಾರಕ್ಕೆ ಅರ್ಧ ಕಿಲೋಗ್ರಾಂನಂತೆ ಇಳಿದರೆ ಶಿಶುವಿನ ಬೆಳವಣಿಗೆಗೆ ಕುಂದುಂಟಾಗದೆಂದು ಅಮೆರಿಕದಲ್ಲಿ ನಡೆದು 2000ನೆಯ ಇಸವಿಯಲ್ಲಿ ಪ್ರಕಟವಾದ ಒಂದು ಪರೀಕ್ಷೆಯಿಂದ ತಿಳಿದುಬಂದಿದೆ. ಇದಕ್ಕಿಂತ ವೇಗವಾದ ಇಳಿಕೆಯನ್ನು ಬಯಸುವವರು ದೇಶದ ಸ್ಥಿತಿಯನ್ನೂ ನೆನೆಯತಕ್ಕದ್ದು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ 15ರಿಂದ 49 ವರ್ಷದ ಸ್ತ್ರೀಯರಲ್ಲಿ ನೂರಕ್ಕೆ 57 ಮಂದಿಗೆ ರಕ್ತಹೀನತೆಯಿತ್ತು. ಅಂಥವರಿಗೆ ಹೆರಿಗೆಯ ರಕ್ತಸ್ರಾವದ ಬೆನ್ನಿಗೇ ಉಪವಾಸವೂ ಸೇರಿದರೆ ಸುಶ್ರುತನು ಎಚ್ಚರಿಸಿದ ಅಪಾಯವು ಗ್ರಂಥದ ಮಾತಾಗಿ ಮಾತ್ರ ಉಳಿಯುವುದಿಲ್ಲ.

ಒಟ್ಟಿನಲ್ಲಿ ಪ್ರಾಚೀನರ ಕ್ರಮವು ಇಷ್ಟು: ಮೊದಲ ವಾರದಲ್ಲಿ ಅಗ್ನಿಯ ರಕ್ಷಣೆ, ಒಂದೂವರೆ ತಿಂಗಳವರೆಗೆ ಬಲಕ್ಕೆ ತಕ್ಕ ಪೋಷಣೆ ಮತ್ತು ವಿಶ್ರಾಂತಿ, ಬಳಿಕ, ಉಪದ್ರವಗಳಿಲ್ಲವೆಂದು ವೈದ್ಯನು ಕಂಡ ಮೇಲೆ, ಹಗುರವಾದ ಆಹಾರದಿಂದಲೂ ಮೆಲ್ಲನೆ ಹೆಚ್ಚಿಸಿದ ವ್ಯಾಯಾಮದಿಂದಲೂ ಲಾಘವ. ಬಾಣಂತಿಯ ತಟ್ಟೆಗೆ ಮಿತಿಯಿಲ್ಲದೆ ತುಪ್ಪ ಬಡಿಸುವವರಾಗಲಿ, ಆ ತಟ್ಟೆಯನ್ನೇ ತೆಗೆಯಬೇಕೆನ್ನುವವರಾಗಲಿ ಚರಕಸುಶ್ರುತರ ಹೆಸರನ್ನು ಹೇಳುವುದು ಯುಕ್ತವಲ್ಲ.