ಚೀಲದ ಮೇಲಿನ ಅಕ್ಷರ



ತುರುವೇಕೆರೆ ತಾಲ್ಲೂಕಿನ ಮಾಯಸಂದ್ರದಂತಹ ತೆಂಗಿನ ಸೀಮೆಯ ಊರಿನಲ್ಲಿ ಮದುವೆಗೆ ಹೋದವರು ಬರಿಗೈಯಲ್ಲಿ ಮರಳುವುದಿಲ್ಲ. ಎಲೆ, ಅಡಿಕೆ, ತೆಂಗಿನಕಾಯಿ ಇಟ್ಟ ತಾಂಬೂಲದ ಚೀಲ ಕೈ ಸೇರುತ್ತದೆ. ಬಟ್ಟೆಯ ಚೀಲವಾದರೆ ಅದರ ಮೇಲೆ ವಧೂವರರ ಹೆಸರು, ದಿನಾಂಕ, ಊರು ಅಚ್ಚಾಗಿರುವುದುಂಟು. ಕಾಯಿ ಅಡುಗೆಗೆ ಮುಗಿದ ಮೇಲೂ ಚೀಲ ಸಂತೆಗೆ ಹೋಗಿ ಬರುತ್ತಿರುತ್ತದೆ. ಊರಹಬ್ಬಕ್ಕೆ, ಶಾಲೆಯ ವಾರ್ಷಿಕೋತ್ಸವಕ್ಕೆ ನೀವೂ ಇಂತಹ ಚೀಲಗಳನ್ನು ಸಿದ್ಧಪಡಿಸಬಹುದು. ಅದಕ್ಕೆ ಮೊದಲು ಈ ಅಚ್ಚಿನ ಚರಿತ್ರೆಯನ್ನು ಸ್ವಲ್ಪ ನೋಡೋಣ.

ಚೀಲದ ಮೇಲೆ ಅಕ್ಷರ ಮೂಡಿಸುವ ಹಳೆಯ ಉಪಾಯ ತಗಡಿನ ಅಚ್ಚು. ತಗಡಿನಲ್ಲಿ ಅಕ್ಷರದ ಆಕಾರ ಕತ್ತರಿಸಿ, ಗೋಣಿಚೀಲದ ಮೇಲಿಟ್ಟು ಬಣ್ಣ ಬಳಿದರಾಯಿತು. ಆದರೆ ‘ಮಾಯಸಂದ್ರ’ ಎಂಬ ಹೆಸರನ್ನೇ ಹೀಗೆ ಕತ್ತರಿಸಲು ಹೊರಡಿ. ಸೊನ್ನೆಯ ಬಳಿ ಕೈ ನಿಲ್ಲುತ್ತದೆ. ಸುತ್ತಲೂ ಕತ್ತರಿಸಿದೊಡನೆ ನಡುವಿನ ತುಂಡು ಕಳಚಿ ಬೀಳುತ್ತದೆ, ಸೊನ್ನೆ ಬೊಟ್ಟಾಗುತ್ತದೆ. ನಡುವನ್ನು ಹಿಡಿದಿಡಲು ಸಣ್ಣ ಪಟ್ಟಿಗಳನ್ನು ಉಳಿಸಿದರೆ ಅಕ್ಷರ ತುಂಡು ತುಂಡಾಗಿ ಕಾಣುತ್ತದೆ. ತೆಂಗು, ಸಂತೆ, ಸಂಘ ಎಂದು ದಿನವೂ ಬರೆಯುವ ಕನ್ನಡಕ್ಕೆ ಇದು ಸಣ್ಣ ತೊಡಕಲ್ಲ.

ಇದೇ ತೊಡಕು ಜಪಾನಿನ ಬಟ್ಟೆಯ ಕುಶಲಕರ್ಮಿಗಳಿಗೂ ಎದುರಾಗಿತ್ತು. ಅವರು ಗಟ್ಟಿ ಕಾಗದದಲ್ಲಿ ಚಿತ್ತಾರ ಕತ್ತರಿಸುತ್ತಿದ್ದರು. ಬಿಡಿ ತುಂಡುಗಳು ಕದಲದಂತೆ ಎರಡು ಪದರಗಳ ನಡುವೆ ರೇಷ್ಮೆಯ ಎಳೆಗಳನ್ನು ಅಂಟಿಸಿದರು. ಎಳೆ ತೀರ ತೆಳುವಾದ್ದರಿಂದ ಬಣ್ಣದಲ್ಲಿ ಅದರ ಗುರುತು ಉಳಿಯುತ್ತಿರಲಿಲ್ಲ. ಬಿಡಿ ಎಳೆಗಳ ಬದಲು ಚೌಕಟ್ಟಿಗೆ ಇಡೀ ರೇಷ್ಮೆ ಜಾಲರಿಯನ್ನೇ ಬಿಗಿದರೆ ಯಾವ ತುಂಡೂ ಬೀಳುವುದಿಲ್ಲ. ಇಂಗ್ಲೆಂಡಿನ ಮ್ಯಾಂಚೆಸ್ಟರಿನ ಸ್ಯಾಮ್ಯುಯೆಲ್ ಸೈಮನ್ 1907ರಲ್ಲಿ ರೇಷ್ಮೆ ಜಾಲರಿಯ ಅಚ್ಚಿಗೆ ಪೇಟೆಂಟ್ ಪಡೆದರು. ಇಂದು ಜಾಲರಿ ಪಾಲಿಯೆಸ್ಟರಿನದಾದರೂ ‘ಸಿಲ್ಕ್ ಸ್ಕ್ರೀನ್’ ಎಂಬ ಹೆಸರು ಉಳಿದುಕೊಂಡಿದೆ.

ಇನ್ನೊಂದು ನೆರವು ಬೆಳಕಿನಿಂದ ಬಂದಿತು. ಡೈಕ್ರೋಮೇಟ್ ಲವಣ ಬೆಳಕಿಗೆ ಬದಲಾಗುವುದನ್ನು ಸ್ಕಾಟ್ಲೆಂಡಿನ ಮಂಗೊ ಪಾಂಟನ್ 1839ರಲ್ಲಿಯೇ ಕಂಡಿದ್ದರು. ಈ ಲವಣ ಬೆರೆತ ಅಂಟನ್ನು ಜಾಲರಿಗೆ ಸವರಿ, ಒಣಗಿಸಿ, ಪಾರದರ್ಶಕ ಹಾಳೆಯಲ್ಲಿ ಕಪ್ಪಾಗಿ ಬರೆದ ವಿನ್ಯಾಸವನ್ನು ಮೇಲಿಟ್ಟು ಬಿಸಿಲಿಗೆ ಹಿಡಿಯುತ್ತಾರೆ. ಬೆಳಕು ತಾಗಿದ ಕಡೆ ಅಂಟು ಗಟ್ಟಿಯಾಗುತ್ತದೆ. ಕಪ್ಪಿನ ಮರೆಯಲ್ಲಿದ್ದುದು ನೀರಿಗೆ ತೊಳೆದು ಹೋಗುತ್ತದೆ. ರಬ್ಬರ್ ಪಟ್ಟಿಯಿಂದ ಬಣ್ಣ ಎಳೆದಾಗ, ತೊಳೆದುಹೋದ ಕಡೆಯಿಂದ ಅದು ಚೀಲಕ್ಕೆ ಇಳಿಯುತ್ತದೆ. ಹೀಗೆ ಕೈಯಲ್ಲಿ ಬರೆದ ಅಕ್ಷರ ಬರೆದಂತೆಯೇ ಅಚ್ಚಾಯಿತು. ಅಚ್ಚಿನ ಮೊಳೆಗಳ ಹಂಗೂ ಉಳಿಯಲಿಲ್ಲ. ಡೈಕ್ರೋಮೇಟ್ ವಿಷಕಾರಿ, ಈ ಹಂತವನ್ನು ತಿಳಿದವರಿಗೇ ಬಿಡಬೇಕು.

ವಿನ್ಯಾಸದ ನಿಯಮಗಳೂ ಈ ಕ್ರಮದಿಂದಲೇ ಹುಟ್ಟಿವೆ. ಒಂದೊಂದು ಬಣ್ಣಕ್ಕೂ ಒಂದೊಂದು ಚೌಕಟ್ಟು ಬೇಕು. ಆದ್ದರಿಂದ ಒಂದೇ ಬಣ್ಣ ಖರ್ಚಿಗೂ ಹಿತ, ನೋಟಕ್ಕೂ ಹಿತ. ಒರಟು ಬಟ್ಟೆಯಲ್ಲಿ ಬಣ್ಣ ಹರಡಿಕೊಳ್ಳುವುದರಿಂದ ಸೊನ್ನೆಯ ನಡುವೆ, ಒತ್ತಕ್ಷರದ ಸುತ್ತ ಧಾರಾಳವಾಗಿ ಜಾಗ ಬಿಡಬೇಕು. ಹೊಸ ಬಟ್ಟೆಯ ಗಂಜಿಯನ್ನು ಮೊದಲೇ ತೊಳೆದರೆ ಬಣ್ಣ ಚೆನ್ನಾಗಿ ಹಿಡಿಯುತ್ತದೆ.

ನಡುವೆ ಪ್ಲಾಸ್ಟಿಕ್ ಚೀಲ ಬಂದು ಬಟ್ಟೆಯ ಚೀಲವನ್ನು ಮೂಲೆಗೆ ತಳ್ಳಿತು. ಬರೆದ ಫಲಕಗಳ ಜಾಗಕ್ಕೆ ಫ್ಲೆಕ್ಸ್ ಬಂದಿತು. ಕೈಬರಹದ ಕಲಾವಿದರು ಕೆಲಸ ಕಳೆದುಕೊಂಡರು. ಕರ್ನಾಟಕ ಸರ್ಕಾರ 2016ರ ಮಾರ್ಚ್‌ನಲ್ಲಿ ಪ್ಲಾಸ್ಟಿಕ್ ಕೈಚೀಲವನ್ನೂ ಫ್ಲೆಕ್ಸನ್ನೂ ನಿಷೇಧಿಸಿತು. ನಿಷೇಧದ ಪಾಲನೆ ಎಲ್ಲೆಡೆ ಒಂದೇ ಸಮನಾಗಿಲ್ಲದಿದ್ದರೂ ಬಟ್ಟೆಯ ಚೀಲಕ್ಕೆ ಮತ್ತೆ ಬೆಲೆ ಬಂದಿದೆ.

ಇತಿಹಾಸದ ವಿದ್ಯಾರ್ಥಿ ಇಲ್ಲಿ ಗಮನಿಸಬೇಕಾದ ಮಾತೊಂದಿದೆ. ಊರಿನ ಹಬ್ಬ, ಮದುವೆಗಳ ವರದಿ ಪತ್ರಿಕೆಯಲ್ಲಿ ಬರುವುದು ಅಪರೂಪ. ಯಾವ ವರ್ಷ, ಎಲ್ಲಿ, ಯಾರು ಸೇರಿದ್ದರು ಎಂಬುದಕ್ಕೆ ಎಷ್ಟೋ ವೇಳೆ ಉಳಿಯುವ ಅಚ್ಚಿನ ಸಾಕ್ಷಿ ಕರೆಯೋಲೆ ಮತ್ತು ಚೀಲ ಮಾತ್ರ. ‘ಶುಭ ವಿವಾಹ’ ಎಂದಷ್ಟೇ ಇರುವ ಚೀಲ ಏನನ್ನೂ ಹೇಳದು. ನಿಮ್ಮ ಚೀಲದ ಮೇಲೆ ಊರು, ತಾಲ್ಲೂಕು, ಇಸವಿ ತಪ್ಪದೆ ಇರಲಿ. ಮನೆಯ ಗೂಟದಲ್ಲಿ ನೇತಾಡುತ್ತಿರುವ ಹಳೆಯ ಚೀಲಗಳನ್ನೂ ಒಮ್ಮೆ ಇಳಿಸಿ ಓದಿ ನೋಡಿ. ಅಕ್ಷರ ಮಾಸುವ ಮೊದಲು ಅದರಲ್ಲಿರುವುದನ್ನು ಬರೆದಿಟ್ಟುಕೊಳ್ಳಿ.