ಮೇಷ್ಟ್ರುಗಳೇ ಪ್ರಯೋಗಕ್ಕೆ ಕೂತಾಗ

1972ರಲ್ಲಿ ಮಧ್ಯಪ್ರದೇಶದ ಹೋಶಂಗಾಬಾದ್ ಜಿಲ್ಲೆಯ 16 ಶಾಲೆಗಳ ವಿಜ್ಞಾನ ಶಿಕ್ಷಕರು ಒಂದು ತರಬೇತಿಗೆ ಸೇರಿದರು. ಕರೆದದ್ದು ಎರಡು ಸ್ವಯಂಸೇವಾ ಸಂಸ್ಥೆಗಳು: ಕಿಶೋರ್ ಭಾರತಿ ಮತ್ತು ರಸೂಲಿಯಾದ ಫ್ರೆಂಡ್ಸ್ ರೂರಲ್ ಸೆಂಟರ್. ಕಲಿಸಲು ಬಂದವರಲ್ಲಿ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳಿದ್ದರು; ಮುಂದೆ ದೆಹಲಿ ವಿಶ್ವವಿದ್ಯಾಲಯದ ಅಧ್ಯಾಪಕರೂ ಜೊತೆಗೂಡಿದರು.

ಅಲ್ಲಿ ಭಾಷಣಕ್ಕಿಂತ ಕೈಕೆಲಸವೇ ಹೆಚ್ಚು. 6ರಿಂದ 8ನೇ ತರಗತಿಯ ಮಕ್ಕಳು ಮಾಡಬೇಕಾದ ಪ್ರಯೋಗಗಳನ್ನು ಮೊದಲು ಮೇಷ್ಟ್ರುಗಳೇ ಗುಂಪುಗುಂಪಾಗಿ ಕೂತು ಮಾಡಬೇಕಿತ್ತು. ಹೂವನ್ನು ಬಿಡಿಸಿ ನೋಡಲು ಸೂಜಿ ಬೇಕೇ? ಜಾಲಿಯ ಮುಳ್ಳು ಸಾಕು. ಸಂಭವನೀಯತೆಯ ಪಾಠಕ್ಕೆ ನಾಣ್ಯ ಚಿಮ್ಮಿ, ದಾಳ ಉರುಳಿಸಿ ಲೆಕ್ಕ ಬರೆದಿಡಬೇಕು. ಒಂದು ಗುಂಪಿನ ಲೆಕ್ಕ ಇನ್ನೊಂದರ ಲೆಕ್ಕಕ್ಕೆ ತಾಳೆಯಾಗದಿದ್ದರೆ ಚರ್ಚೆ ಶುರು. ವರ್ಷಗಟ್ಟಲೆ ಪಾಠವನ್ನು ಓದಿಸಿ, ಬರೆಸಿ, ಬಾಯಿಪಾಠ ಮಾಡಿಸಿದವರಿಗೆ ಇದು ಸಣ್ಣ ಬದಲಾವಣೆಯಲ್ಲ. ಮೇಷ್ಟ್ರು ಎಲ್ಲ ಬಲ್ಲವರಾಗಿರಬೇಕೆಂಬ ಹೊರೆ ಅಲ್ಲಿ ಇಳಿಯಿತು.

1978ರಲ್ಲಿ ಈ ವಿಜ್ಞಾನ ಬೋಧನಾ ಕಾರ್ಯಕ್ರಮ ಇಡೀ ಜಿಲ್ಲೆಗೆ ಹಬ್ಬಿತು. ಅದೇ ವರ್ಷ ಪುಣೆಯ ಟೆಲ್ಕೋ ಕಾರ್ಖಾನೆಯಿಂದ ರಜೆ ಹಾಕಿ ಬಂದ ಎಂಜಿನಿಯರ್ ಅರವಿಂದ ಗುಪ್ತಾ, ಸೈಕಲ್ ವಾಲ್ವ್ ಟ್ಯೂಬಿನ ತುಂಡುಗಳಿಗೆ ಬೆಂಕಿಕಡ್ಡಿ ಸಿಕ್ಕಿಸಿ ತ್ರಿಭುಜ, ಘನ, ಪಿರಮಿಡ್ಡುಗಳನ್ನು ಕಟ್ಟಿದರು. ಮುಂದೆ ದೇಶದ ತುಂಬ ಹರಡಿದ ಅವರ ಆಟಿಕೆಗಳ ಬೇರು ಇಲ್ಲಿದೆ.

ಶಿಬಿರ ಮುಗಿದ ಮೇಲೂ ಶಿಕ್ಷಕರ ಕೈ ಬಿಡದಿದ್ದುದೇ ಹೋಶಂಗಾಬಾದಿನ ನಿಜವಾದ ಸಾಧನೆ. ತರಬೇತಿ ಕೊಟ್ಟವರು ಶಾಲೆಗಳಿಗೆ ಹೋಗಿ ತರಗತಿಯಲ್ಲಿ ಕೂರುತ್ತಿದ್ದರು. ತಿಂಗಳಿಗೊಮ್ಮೆ ಶಿಕ್ಷಕರು ಒಂದೆಡೆ ಸೇರಿ ಯಾವ ಪ್ರಯೋಗ ಕೈಕೊಟ್ಟಿತು, ಮಕ್ಕಳು ಏನು ಕೇಳಿದರು ಎಂದು ಮಾತಾಡುತ್ತಿದ್ದರು. ಆ ಮಾತುಗಳ ಫಲವಾಗಿ ‘ಬಾಲ ವೈಜ್ಞಾನಿಕ’ ಎಂಬ ಪಠ್ಯಪುಸ್ತಕವೇ ತಿದ್ದುಪಡಿಯಾಯಿತು. ತರಬೇತಿ ಪಡೆದ ಎಷ್ಟೋ ಹಳ್ಳಿ ಮೇಷ್ಟ್ರುಗಳು ಮುಂದೆ ತಾವೇ ತರಬೇತುದಾರರಾದರು. ಪರೀಕ್ಷೆಯೂ ಬದಲಾಯಿತು: ಮಕ್ಕಳು ಪುಸ್ತಕ ತೆರೆದಿಟ್ಟುಕೊಂಡೇ ಉತ್ತರಿಸಬಹುದಿತ್ತು, ಜೊತೆಗೆ ಪ್ರಯೋಗ ಮಾಡಿ ತೋರಿಸಬೇಕಿತ್ತು. ತರಗತಿಯಲ್ಲಿ ಬಗೆಹರಿಯದ ಪ್ರಶ್ನೆಗಳನ್ನು ಮಕ್ಕಳು ‘ಸವಾಲಿರಾಮ್’ ಎಂಬ ಕಲ್ಪಿತ ವ್ಯಕ್ತಿಗೆ ಕಾಗದ ಬರೆದು ಕೇಳುತ್ತಿದ್ದರು. ಅವನ ಹೆಸರಲ್ಲಿ ಉತ್ತರವೂ ಬರುತ್ತಿತ್ತು.

1982ರಲ್ಲಿ ಹುಟ್ಟಿದ ಏಕಲವ್ಯ ಸಂಸ್ಥೆ ಈ ಕಾರ್ಯಕ್ರಮದ ಹೊಣೆ ಹೊತ್ತು ಹಲವು ಜಿಲ್ಲೆಗಳಿಗೆ ಕೆಲಸವನ್ನು ವಿಸ್ತರಿಸಿತು. ಆದರೆ 2002ರಲ್ಲಿ ರಾಜ್ಯ ಸರ್ಕಾರ ಕಾರ್ಯಕ್ರಮವನ್ನು ನಿಲ್ಲಿಸಿತು. ವಿಜ್ಞಾನಿಗಳು, ಶಿಕ್ಷಣ ತಜ್ಞರು ಪ್ರತಿಭಟಿಸಿದರೂ ಆದೇಶ ಬದಲಾಗಲಿಲ್ಲ. 30 ವರ್ಷ ಬೆಳೆಸಿದ ವ್ಯವಸ್ಥೆಯನ್ನು ಹೀಗೆ ಕಳಚಿಹಾಕಿದ್ದು ದೊಡ್ಡ ನಷ್ಟವೇ ಸರಿ. ಪಠ್ಯಪುಸ್ತಕವನ್ನು ಮತ್ತೆ ಅಚ್ಚು ಹಾಕಬಹುದು. ಶಿಕ್ಷಕರ ಆ ಮಾಸಿಕ ಸಭೆಗಳನ್ನು ಹೊಸದಾಗಿ ಕಟ್ಟುವುದು ಅಷ್ಟು ಸುಲಭವಲ್ಲ. ಆದರೂ ಏಕಲವ್ಯದ ಕೆಲಸ ಅಷ್ಟಕ್ಕೇ ನಿಲ್ಲಲಿಲ್ಲ. 1985ರಲ್ಲಿ ಶುರುವಾದ ಮಕ್ಕಳ ಪತ್ರಿಕೆ ‘ಚಕ್‌ಮಕ್’ ಮತ್ತು ಶಿಕ್ಷಕರಿಗೆಂದೇ ತಂದ ‘ಸಂದರ್ಭ್’ ಕಾರ್ಯಕ್ರಮ ನಿಂತ ಬಳಿಕವೂ ಹಿಂದಿ ಶಾಲೆಗಳನ್ನು ತಲುಪುತ್ತಲೇ ಇದ್ದವು.