ಕಲ್ಲು ಕಟ್ಟುವ ಜೀವಿ

ಮಳಖೇಡವೆಂದೊಡನೆ ಸಾಹಿತ್ಯಾಸಕ್ತರ ನೆನಪಿಗೆ ಬರುವವನು ಅಮೋಘವರ್ಷ ನೃಪತುಂಗ. ರಾಷ್ಟ್ರಕೂಟರ ರಾಜಧಾನಿಯಾಗಿದ್ದ ಮಾನ್ಯಖೇಟವೇ ಇಂದಿನ ಮಳಖೇಡ. ಕವಿರಾಜಮಾರ್ಗ ರಚಿತವಾದದ್ದು ಆ ಅರಸನ ಆಶ್ರಯದಲ್ಲಿ. ಮಹಾವೀರಾಚಾರ್ಯನು ಗಣಿತಸಾರಸಂಗ್ರಹವನ್ನು ಬರೆದದ್ದು ಅವನ ಕಾಲದಲ್ಲಿ. 972ರಲ್ಲಿ ಮಾಳವದ ಪರಮಾರ ಸೀಯಕನು ಈ ನಗರವನ್ನು ಸೂರೆಗೊಂಡನು. ಅದರ ವೈಭವವೆಲ್ಲ ಹೋಗಿ ಈಗ ಉಳಿದಿರುವುದು ಕಾಗಿಣಾ ನದಿಯ ದಂಡೆಯ ಮೇಲೊಂದು ಹಳೆಯ ಕೋಟೆ, ಒಂದು ಬಸದಿ, ಒಂದು ಮಠ, ಮತ್ತು ದೊಡ್ಡದೊಂದು ಹೆಸರು. ಆದರೆ ಇಂದು ಸೇಡಂ ದಾರಿಯಲ್ಲಿ ಸಾಗುವವನ ಕಣ್ಣನ್ನು ಮೊದಲು ಸೆಳೆಯುವುದು ಕೋಟೆಯಲ್ಲ, ಸಿಮೆಂಟು ಕಾರ್ಖಾನೆಯ ಎತ್ತರದ ಚಿಮಣಿ.

ಕೋಟೆ ಮತ್ತು ಕಾರ್ಖಾನೆ ಒಂದಕ್ಕೊಂದು ವಿರುದ್ಧವೆಂದು ಭಾವಿಸುವುದು ನಮಗೆ ರೂಢಿಯಾಗಿದೆ. ಒಂದು ಚರಿತ್ರೆ, ಇನ್ನೊಂದು ವ್ಯಾಪಾರ. ವಾಸ್ತವವಾಗಿ ಎರಡೂ ಒಂದೇ ತಾಯಿಯ ಮಕ್ಕಳು. ಕೋಟೆಯ ಗೋಡೆಯಾಗಿ ನಿಂತಿರುವ ಸುಣ್ಣದಕಲ್ಲೇ ಕಾರ್ಖಾನೆಯ ಕುಲುಮೆಯಲ್ಲಿ ಬೇಯುತ್ತಿದೆ. ಇತ್ತೀಚೆಗೆ ಇದೇ ವಂಶಕ್ಕೆ ಮೂರನೆಯದೊಂದು ಕೂಸು ಸೇರಿದೆ. ಕಲ್ಲನ್ನು ಕಡಿಯದೆ, ಸುಡದೆ, ಜೀವಂತ ಅಣುಜೀವಿಗಳಿಂದ ಕಟ್ಟಿಸುವ ಆವಿಷ್ಕಾರವದು. ಅದರ ಚರಿತ್ರೆಯನ್ನು ಹೇಳಬೇಕೆಂದು ನಾನು ಹೊರಟಿದ್ದೇನೆ. ಮಳಖೇಡದ ಕಡೆಯವರಿಗೆ ಇದು ದೂರದ ಸುದ್ದಿಯಲ್ಲವೆಂಬುದು ನನ್ನ ನಂಬಿಕೆ.

ಮೊದಲು ಕಲ್ಲಿನ ಮಾತು. ಸೇಡಂ, ಚಿತ್ತಾಪುರ, ವಾಡಿ, ಶಹಾಬಾದಗಳ ನೆಲದಡಿಯಲ್ಲಿ ಹಾಸುಹಾಸಾಗಿ ಮಲಗಿರುವ ಈ ಶಿಲೆಯನ್ನು ಭೂವಿಜ್ಞಾನಿಗಳು ಭೀಮಾ ಕಣಿವೆಯ ಶಿಲಾಸಮೂಹಕ್ಕೆ ಸೇರಿಸುತ್ತಾರೆ. ಜನ ಅದನ್ನು ಶಹಾಬಾದಿ ಫರಸಿಯೆಂದು ಕರೆಯುತ್ತಾರೆ. ನಾಡಿನ ಎಷ್ಟೋ ಮನೆಗಳ ಪಡಸಾಲೆಯ ನೆಲ, ಎಷ್ಟೋ ರೈಲು ನಿಲ್ದಾಣಗಳ ಕಟ್ಟೆ ಈ ಫರಸಿಯದೇ. ಐವತ್ತು ಕೋಟಿಗೂ ಹೆಚ್ಚು ವರ್ಷಗಳ ಹಿಂದೆ ಇಲ್ಲಿ ಆಳವಿಲ್ಲದ ಕಡಲೊಂದಿತ್ತು. ಶಂಖ, ಚಿಪ್ಪುಗಳ ಪ್ರಾಣಿಗಳು ಇನ್ನೂ ಹುಟ್ಟಿರದ ಕಾಲವದು. ಅದರ ತಳದಲ್ಲಿ ಸುಣ್ಣದ ನುಣುಪಾದ ಕೆಸರು ಪದರಪದರವಾಗಿ ಕುಳಿತು ಕಲ್ಲಾಯಿತು. ಅಂಥ ಪುರಾತನ ಕಡಲುಗಳಲ್ಲಿ ಸುಣ್ಣವು ನೀರಿನಿಂದ ಬೇರ್ಪಟ್ಟು ನೆಲೆಗೊಳ್ಳುವುದರಲ್ಲಿ ಕಣ್ಣಿಗೆ ಕಾಣದ ಜೀವಿಗಳಿಗೂ ಪಾಲಿತ್ತೆಂದು ಬಲ್ಲವರು ಹೇಳುತ್ತಾರೆ. ಕಲ್ಲು ನಿರ್ಜೀವದ ಪ್ರತೀಕವೆಂಬ ನಮ್ಮ ಕವಿಸಮಯವನ್ನು ಸ್ವಲ್ಪ ತಿದ್ದಿಕೊಳ್ಳಬೇಕಾದೀತು.

ಈ ಕಲ್ಲನ್ನು ಸುಟ್ಟರೆ ಸುಣ್ಣವಾಗುತ್ತದೆ. ಶುದ್ಧವಾದ ನೂರು ಕಿಲೋ ಸುಣ್ಣದಕಲ್ಲನ್ನು ಸುಟ್ಟರೆ ದಕ್ಕುವ ಸುಣ್ಣ 56 ಕಿಲೋ. ಉಳಿದ 44 ಕಿಲೋ ಇಂಗಾಲದ ಡೈಆಕ್ಸೈಡ್ ಅನಿಲವಾಗಿ ಗಾಳಿಗೆ ಹೋಗುತ್ತದೆ. ಹಳೆಯ ಗಚ್ಚಿನ ಕೆಲಸದವರು ಸುಣ್ಣಕ್ಕೆ ನೀರು ಹುಯ್ದು, ಅರೆದು, ಗೋಡೆಗೆ ಮೆತ್ತುತ್ತಿದ್ದರು. ಆ ಗಾರೆ ವರ್ಷಗಟ್ಟಲೆ ಗಾಳಿಯಿಂದ ಅದೇ ಅನಿಲವನ್ನು ಹೀರಿಕೊಂಡು ಮರಳಿ ಕಲ್ಲಾಗುತ್ತಿತ್ತು. ಕೊಟ್ಟದ್ದನ್ನು ನಿಧಾನವಾಗಿ ಹಿಂದಕ್ಕೆ ಪಡೆಯುವ ಸಾವಧಾನದ ವಿದ್ಯೆ ಅದು.

1824ರಲ್ಲಿ ಇಂಗ್ಲೆಂಡಿನ ಲೀಡ್ಸ್ ನಗರದ ಇಟ್ಟಿಗೆ ಕೆಲಸಗಾರ ಜೋಸೆಫ್ ಆಸ್ಪ್ಡಿನ್ ಪೋರ್ಟ್‌ಲ್ಯಾಂಡ್ ಸಿಮೆಂಟಿಗೆ ಪೇಟೆಂಟು ಪಡೆದ. ಅಲ್ಲಿಂದ ಸಾವಧಾನದ ಕಾಲ ಮುಗಿಯಿತು. ಸುಣ್ಣದಕಲ್ಲನ್ನೂ ಜೇಡಿಯನ್ನೂ ಕೂಡಿಸಿ ಸುಡುವ ಈ ವಿದ್ಯೆ ಬೆಳೆದು, ಇಂದು ಕುಲುಮೆಯ ಕಾವು 1450 ಡಿಗ್ರಿಯನ್ನು ಮುಟ್ಟುತ್ತದೆ. ನಮ್ಮಲ್ಲಿ ನಿಜಾಮರ ಆಳ್ವಿಕೆಯ ಕಾಲದಲ್ಲಿಯೇ ಶಹಾಬಾದಿನಲ್ಲಿ ಕಾರ್ಖಾನೆ ಎದ್ದಿತು. 1936ರಲ್ಲಿ ಹಲವು ಕಂಪನಿಗಳು ಒಂದಾಗಿ ಎ.ಸಿ.ಸಿ. ಆದಾಗ ಶಹಾಬಾದ್ ಸಿಮೆಂಟೂ ಅದರೊಳಗೆ ಸೇರಿತು. 1968ರಲ್ಲಿ ವಾಡಿ, ಮುಂದೆ ಕುರಕುಂಟಾ, 1980ರ ದಶಕದಲ್ಲಿ ಮಳಖೇಡ ಮತ್ತು ಸೇಡಂ, ಹೀಗೆ ಕುಲುಮೆಗಳು ಹೆಚ್ಚುತ್ತ ಚಿತ್ತಾಪುರ, ಚಿಂಚೋಳಿಗಳವರೆಗೂ ಹಬ್ಬಿದವು. ತೊಗರಿ, ಜೋಳಗಳ ಸೀಮೆಗೆ ಸಂಬಳದ ಕೆಲಸ ಬಂತು. ಜೊತೆಗೆ ದೂಳೂ ಬಂತು, ಆಳವಾದ ಖಣಿಗಳೂ ಬಂದವು. ಇಡೀ ಲೋಕದಲ್ಲಿ ಮಾನವನ ಚಟುವಟಿಕೆಯಿಂದ ಗಾಳಿಗೆ ಸೇರುವ ಇಂಗಾಲದ ಡೈಆಕ್ಸೈಡಿನಲ್ಲಿ ನೂರಕ್ಕೆ ಏಳೆಂಟು ಪಾಲು ಸಿಮೆಂಟಿನಿಂದ ಬರುತ್ತದೆಂದು ಲೆಕ್ಕ ಹಾಕಲಾಗಿದೆ. ಅದರಲ್ಲಿ ಅರ್ಧಕ್ಕಿಂತ ಹೆಚ್ಚಿನದು ಕಲ್ಲಿದ್ದಲಿನದಲ್ಲ, ಸುಣ್ಣದಕಲ್ಲು ತನ್ನೊಳಗಿನಿಂದಲೇ ಬಿಟ್ಟುಕೊಡುವಂಥದು. ಕುಲುಮೆಗೆ ಎಷ್ಟೇ ಶುಭ್ರವಾದ ಉರಿಯನ್ನು ತಂದರೂ ಆ ಪಾಲು ತಪ್ಪದು.

ಇನ್ನು ಜೀವಿಯ ಕಥೆಗೆ ಬರೋಣ. 1889ರಲ್ಲಿ ಫ್ರಾನ್ಸಿನ ಮಿಕೆಲ್ ಎಂಬ ವಿಜ್ಞಾನಿ ಯೂರಿಯಾವನ್ನು ಒಡೆಯಬಲ್ಲ ಒಂದು ಬ್ಯಾಕ್ಟೀರಿಯಾವನ್ನು ವರ್ಣಿಸಿ ಅದಕ್ಕೆ ಲೂಯಿ ಪಾಶ್ಚರನ ಹೆಸರನ್ನಿಟ್ಟ. ಅದರ ಇಂದಿನ ಹೆಸರು ಸ್ಪೋರೋಸಾರ್ಸಿನಾ ಪಾಶ್ಚರಿ. ಯೂರಿಯಾ ನಮ್ಮ ರೈತರಿಗೆ ಚೀಲದ ಗೊಬ್ಬರವಾಗಿ ಪರಿಚಿತ. ಅದನ್ನು ಒಡೆಯುವ ಕಿಣ್ವದ ಹೆಸರು ಯೂರಿಯೇಸ್. 1926ರಲ್ಲಿ ಅಮೆರಿಕದ ಜೇಮ್ಸ್ ಸಮ್ನರ್ ಒಂದು ಜಾತಿಯ ಅವರೆಯ ಬೀಜದಿಂದ ಇದನ್ನು ಹರಳಾಗಿ ಬೇರ್ಪಡಿಸಿದ. ಕಿಣ್ವವೊಂದನ್ನು ಹರಳಿನ ರೂಪದಲ್ಲಿ ಮನುಷ್ಯ ಕಂಡದ್ದು ಅದೇ ಮೊದಲು. ಮುಂದೆ 1973ರಲ್ಲಿ ಸ್ಪೇನಿನ ಬೊಕೆ ಮತ್ತು ಸಂಗಡಿಗರು, ಮಣ್ಣಿನ ಬ್ಯಾಕ್ಟೀರಿಯಾಗಳು ತಕ್ಕ ಆಹಾರ ದೊರೆತರೆ ಸುಣ್ಣದ ಹರಳನ್ನು ಕಟ್ಟುವುದು ಅಪರೂಪದ ಸಂಗತಿಯಲ್ಲ, ಸರ್ವಸಾಧಾರಣವೆಂದು ಪ್ರಕಟಿಸಿದರು.

ಕೆಲಸ ನಡೆಯುವ ಬಗೆ ಇಷ್ಟು. ಬ್ಯಾಕ್ಟೀರಿಯಾಕ್ಕೆ ಯೂರಿಯಾವನ್ನೂ ಕ್ಯಾಲ್ಸಿಯಂ ಇರುವ ಒಂದು ಲವಣವನ್ನೂ ನೀರಿನಲ್ಲಿ ಕೊಡಬೇಕು. ಅದು ಯೂರಿಯಾವನ್ನು ಒಡೆದಾಗ ಒಂದು ಕಡೆ ಅಮೋನಿಯಾ, ಇನ್ನೊಂದು ಕಡೆ ಕಾರ್ಬೋನೇಟ್ ಉಂಟಾಗುತ್ತವೆ. ಜೀವಕೋಶದ ಹೊರಮೈ ಕ್ಯಾಲ್ಸಿಯಮ್ಮನ್ನು ತನ್ನತ್ತ ಎಳೆದುಕೊಳ್ಳುತ್ತದೆ. ಕ್ಯಾಲ್ಸಿಯಮ್ಮೂ ಕಾರ್ಬೋನೇಟೂ ಅಲ್ಲಿ ಕೂಡಿ ಸುಣ್ಣದ ಹರಳಾಗುತ್ತವೆ. ಹರಳು ಬೆಳೆದು ಮರಳಿನ ಕಣಕಣವನ್ನು ಬೆಸೆಯುತ್ತದೆ. ಕುಲುಮೆ ಬೇಡ, ಕೋಣೆಯ ಕಾವು ಸಾಕು. ಕೊನೆಗೆ ಆ ಜೀವಿ ತಾನು ಕಟ್ಟಿದ ಕಲ್ಲಿನೊಳಗೇ ಸಿಕ್ಕಿ ಕೊನೆಗೊಳ್ಳುತ್ತದೆ.

ಇದು ಪ್ರಕೃತಿಯ ಕೆಲಸ, ಆವಿಷ್ಕಾರವೆನಿಸಿದ್ದು ಯಾವಾಗ? ಫ್ರಾನ್ಸಿನಲ್ಲಿ ಸುಣ್ಣದಕಲ್ಲಿನ ಹಳೆಯ ಚರ್ಚುಗಳು ಮಳೆ ಗಾಳಿಗಳಿಗೆ ಸವೆಯುತ್ತಿದ್ದವು. ಜಾನ್ ಪಿಯರ್ ಅಡಾಲ್ಫ್ ಮತ್ತು ಅವರ ಸಂಗಡಿಗರು ಕಲ್ಲಿನ ಮೇಲೆ ಬ್ಯಾಕ್ಟೀರಿಯಾಗಳನ್ನು ಸಿಂಪಡಿಸಿ, ಅವಕ್ಕೆ ಆಹಾರ ಕೊಟ್ಟು, ಹೊಸ ಸುಣ್ಣದ ತೆಳುಪದರವನ್ನು ಬೆಳೆಸುವ ವಿಧಾನಕ್ಕೆ 1990ರಲ್ಲಿ ಪೇಟೆಂಟು ಪಡೆದರು. 1993ರಲ್ಲಿ ತುವಾರ್ ಪಟ್ಟಣದ ಸಾಂ ಮೆದಾರ್ ಚರ್ಚಿನ ಗೋಪುರದ ಮೇಲೆ ಅದರ ಪ್ರಯೋಗ ನಡೆಯಿತು. ಆಸ್ಪ್ಡಿನ್ನನ ಪೇಟೆಂಟಿಗೂ ಇದಕ್ಕೂ ನಡುವೆ 166 ವರ್ಷ. ಮೊದಲನೆಯದು ಸತ್ತ ಪುಡಿಗೆ, ಎರಡನೆಯದು ಬದುಕಿರುವ ಜೀವಿಯಿಂದ ಮಾಡಿಸುವ ಕೆಲಸಕ್ಕೆ.

ಈ ವ್ಯತ್ಯಾಸ ಸಣ್ಣದಲ್ಲ. ಪುಡಿಯನ್ನು ನೆರೆಯವನಿಗೆ ಅರ್ಧ ಕೊಟ್ಟರೆ ನಮ್ಮಲ್ಲಿ ಉಳಿಯುವುದು ಅರ್ಧ. ಜೀವಿಯ ಗುಣ ಬೇರೆ. ನಮ್ಮ ಮನೆಗಳಲ್ಲಿ ಹೆಪ್ಪು ಕೇಳುವ ಪದ್ಧತಿಯನ್ನು ನೆನೆಯಿರಿ. ಪಕ್ಕದ ಮನೆಯಾಕೆಗೆ ಒಂದು ಚಮಚ ಹೆಪ್ಪು ಕೊಟ್ಟರೆ ಕೊಟ್ಟವಳ ಗಡಿಗೆಯ ಮೊಸರಿಗೇನೂ ಕೊರತೆಯಾಗದು. ಪಡೆದವಳ ಮನೆಯಲ್ಲಿ ಬೆಳಗಾಗುವಷ್ಟರಲ್ಲಿ ಗಡಿಗೆ ತುಂಬಿರುತ್ತದೆ. ಹೀಗೆ ತನ್ನಷ್ಟಕ್ಕೆ ತಾನೇ ಬೆಳೆಯುವ ವಸ್ತುವಿಗೆ ಒಡೆತನವನ್ನು ಹೇಗೆ ಹೇಳುವುದು? ಅದನ್ನು ಕಾಗದದ ಮೇಲೆ ಹೇಗೆ ವರ್ಣಿಸುವುದು? ನ್ಯಾಯಶಾಸ್ತ್ರ ಈ ಪ್ರಶ್ನೆಯೊಡನೆ ಬಹುಕಾಲ ಸೆಣಸಿದೆ.

1873ರಲ್ಲಿ ಪಾಶ್ಚರನಿಗೆ ಅಮೆರಿಕದಲ್ಲಿ ರೋಗಾಣುಗಳಿಲ್ಲದ ಯೀಸ್ಟಿನ ಮೇಲೆ ಪೇಟೆಂಟು ದೊರೆತಿತ್ತು. ಆದರೆ ವಾದ ತೀರಿದ್ದು ಭಾರತ ಸಂಜಾತ ವಿಜ್ಞಾನಿಯೊಬ್ಬನಿಂದ. ಬಂಗಾಳದ ಆನಂದ ಮೋಹನ ಚಕ್ರವರ್ತಿ ಅಮೆರಿಕದ ಕಂಪನಿಯೊಂದರಲ್ಲಿದ್ದಾಗ ಕಚ್ಚಾ ತೈಲವನ್ನು ತಿನ್ನಬಲ್ಲ ಬ್ಯಾಕ್ಟೀರಿಯಾವನ್ನು ರೂಪಿಸಿ 1972ರಲ್ಲಿ ಪೇಟೆಂಟಿಗೆ ಅರ್ಜಿ ಹಾಕಿದರು. 1980ರ ಜೂನ್ 16ರಂದು ಅಲ್ಲಿನ ಸುಪ್ರೀಂ ಕೋರ್ಟು ಐವರ ಪರ, ನಾಲ್ವರ ವಿರೋಧದಿಂದ ಅವರ ಕಡೆಗೆ ತೀರ್ಪಿತ್ತಿತು. ಇನ್ನು ವರ್ಣನೆಯ ಪ್ರಶ್ನೆ. ಜೀವಿಯ ಮಾದರಿಯನ್ನೇ ಮಾನ್ಯ ಸಂಗ್ರಹಾಲಯದಲ್ಲಿ ಠೇವಣಿಯಿಡಬೇಕೆಂಬ ಏರ್ಪಾಡು 1977ರ ಬುಡಾಪೆಸ್ಟ್ ಒಪ್ಪಂದದಿಂದ ಆಯಿತು. ಭಾರತ ಅದಕ್ಕೆ 2001ರಲ್ಲಿ ಸೇರಿತು. ಚಂಡೀಗಢದ ಅಣುಜೀವಿ ಸಂಗ್ರಹಕ್ಕೆ 2002ರಲ್ಲಿ ಆ ಮಾನ್ಯತೆ ಬಂತು. ಅದೇ ವರ್ಷ ಕಲಕತ್ತಾ ಉಚ್ಚ ನ್ಯಾಯಾಲಯವು ಕೋಳಿಗಳ ರೋಗಕ್ಕೆ ಜೀವಂತ ವೈರಸ್ಸಿನಿಂದ ಲಸಿಕೆ ಮಾಡುವ ವಿಧಾನದ ಬಗ್ಗೆ, ಕೊನೆಯ ವಸ್ತು ಜೀವಂತವೆಂಬ ಕಾರಣಕ್ಕೆ ಪೇಟೆಂಟನ್ನು ನಿರಾಕರಿಸಲಾಗದೆಂದು ಹೇಳಿತು.

ಆದರೂ ನಮ್ಮ ಕಾನೂನು ಒಂದು ಗೆರೆಯನ್ನೆಳೆದಿದೆ. ಪ್ರಕೃತಿಯಲ್ಲಿ ಇದ್ದ ಜೀವಿಯನ್ನು ಕಂಡುಹಿಡಿದ ಮಾತ್ರಕ್ಕೆ ಅದು ಆವಿಷ್ಕಾರವಾಗದು. ಆವಿಷ್ಕಾರದಲ್ಲಿ ಜೀವಿಯನ್ನು ಬಳಸಿದ್ದರೆ ಅದು ಯಾವ ನೆಲದ್ದೆಂದು ಅರ್ಜಿಯಲ್ಲಿ ತಿಳಿಸಬೇಕು. 2002ರ ಜೀವವೈವಿಧ್ಯ ಕಾಯಿದೆಯು ಅದರಿಂದ ಬರುವ ಲಾಭದಲ್ಲಿ ಪಾಲು ಹಂಚುವ ಮಾತನ್ನೂ ಆಡುತ್ತದೆ. ಸುಣ್ಣ ಕಟ್ಟುವ ಶಕ್ತಿ ಮಣ್ಣಿನ ಬ್ಯಾಕ್ಟೀರಿಯಾಗಳಲ್ಲಿ ಸರ್ವಸಾಧಾರಣವೆಂದಾದರೆ, ಸುಣ್ಣದ ನೆಲವಾದ ಸೇಡಂ, ಚಿತ್ತಾಪುರಗಳ ಮಣ್ಣನ್ನು ಹುಡುಕಿ ನೋಡುವುದು ವ್ಯರ್ಥವಾಗಲಾರದು. ಕಲ್ಲನ್ನು ಟನ್ನಿನ ಲೆಕ್ಕದಲ್ಲಿ ಕೊಟ್ಟುಬಿಟ್ಟ ಸೀಮೆಗೆ, ಕಣ್ಣಿಗೆ ಕಾಣದ ತನ್ನ ಆಸ್ತಿಯ ಅರಿವೂ ಇರಬೇಡವೇ?

ಈಚಿನ ಬೆಳವಣಿಗೆಗಳು ಇನ್ನೂ ಕುತೂಹಲಕರ. 2006ರಿಂದೀಚೆಗೆ ನೆದರ್ಲೆಂಡಿನ ಡೆಲ್ಫ್ಟ್ ವಿಶ್ವವಿದ್ಯಾಲಯದ ಹೆಂಕ್ ಯೋಂಕರ್ಸ್ ಕಾಂಕ್ರೀಟಿನಲ್ಲಿ ಬ್ಯಾಕ್ಟೀರಿಯಾದ ಬೀಜಕಗಳನ್ನೂ ಅವಕ್ಕೆ ಬೇಕಾದ ಬುತ್ತಿಯನ್ನೂ ಸೇರಿಸಿಡುವ ಉಪಾಯವನ್ನು ಬೆಳೆಸಿದರು. ಬಿರುಕು ಬಿಟ್ಟು ನೀರು ಒಳನುಗ್ಗಿದಾಗ ಮಲಗಿದ್ದ ಬೀಜಕಗಳು ಎಚ್ಚೆತ್ತು ಸುಣ್ಣ ಕಟ್ಟಿ ಬಿರುಕನ್ನು ಮುಚ್ಚುತ್ತವೆ. ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಲೋಕ್ ಕುಮಾರ್, ಕೌಶಿಕ್ ವಿಶ್ವನಾಥನ್ ಮತ್ತು ಸಂಗಡಿಗರು ಇಸ್ರೋ ವಿಜ್ಞಾನಿಗಳೊಡಗೂಡಿ, ಚಂದ್ರನ ಮಣ್ಣನ್ನು ಹೋಲುವ ಪುಡಿಯಿಂದ ಇಟ್ಟಿಗೆ ಮಾಡಿದ ಸುದ್ದಿ 2020ರಲ್ಲಿ ಬಂತು. ಅಲ್ಲಿ ಕೆಲಸ ಮಾಡಿದ್ದು ಅದೇ ಪಾಶ್ಚರಿ. ಅಂಟಾಗಿ ಬಳಸಿದ್ದು ಗೋರಿಕಾಯಿಯ, ಎಂದರೆ ಕಲಬುರಗಿ ಕಡೆಯವರ ಚವಳಿಕಾಯಿಯ, ಬೀಜದ ಗೋಂದು. 2022ರಲ್ಲಿ ಮಂಗಳನ ಮಣ್ಣಿನ ಮಾದರಿಯ ಮೇಲೆ ಅದೇ ಪ್ರಯೋಗ ನಡೆಯಿತು. 2025ರಲ್ಲಿ ಸುಟ್ಟು ಮಾಡಿದ ಇಟ್ಟಿಗೆಯ ಬಿರುಕನ್ನು ಬ್ಯಾಕ್ಟೀರಿಯಾಗಳಿಂದ ತುಂಬಿಸಿ ತೋರಿಸಿದರು. ಚಂದ್ರನ ಮೇಲಿನ ಮನೆಗೆ ನಮ್ಮ ಹಿತ್ತಿಲ ಚವಳಿ ಬೇಕಾಯಿತೆಂಬುದು ಸೋಜಿಗವೇ ಸರಿ.

ಹೀಗೆಂದ ಮಾತ್ರಕ್ಕೆ ನಾಳೆಯೇ ಕುಲುಮೆಗಳು ಆರುತ್ತವೆಂದು ಯಾರೂ ಭಾವಿಸಬೇಕಾಗಿಲ್ಲ. ಯೂರಿಯಾವನ್ನು ತಯಾರಿಸಲು ನೈಸರ್ಗಿಕ ಅನಿಲವನ್ನೋ ಕಲ್ಲಿದ್ದಲನ್ನೋ ವ್ಯಯಮಾಡಬೇಕು. ಹೊರಬರುವ ಅಮೋನಿಯಾಕ್ಕೆ ದಾರಿ ಕಾಣಿಸಬೇಕು. ಹಳೆಯ ಕಲ್ಲಿನ ಮೇಲೆ ಬೆಳೆಸಿದ ಪದರ ತೆಳುವಾದದ್ದು, ಕಾಲಕಾಲಕ್ಕೆ ಅದನ್ನು ನವೀಕರಿಸಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಜೀವಿಯನ್ನು ಬದುಕಿಸಿಕೊಳ್ಳಬೇಕು. ಸಿಮೆಂಟಿನ ಚೀಲ ಗೋದಾಮಿನ ಮೂಲೆಯಲ್ಲಿ ಬಿದ್ದಿದ್ದರೂ ಒದ್ದೆಯಾಗದಿದ್ದರೆ ಸಾಕು. ಜೀವಿಗೆ ಕಾವು, ಆಹಾರ, ಸಮಯಗಳ ಕಟ್ಟುಪಾಡು ಉಂಟು. ಹೆಪ್ಪನ್ನು ಕಾಪಾಡುವ ಗೃಹಿಣಿಯ ಎಚ್ಚರವನ್ನು ಇದು ಎಂಜಿನಿಯರನಿಂದ ಕೇಳುತ್ತದೆ.

ಮಳಖೇಡಕ್ಕೆ ಇದರಿಂದ ಏನು? ನನಗೆ ತೋರುವುದು ಇಷ್ಟು. ಕೋಟೆಯ ಗೋಡೆ ಪ್ರತಿ ಮಳೆಗಾಲದಲ್ಲೂ ಇನ್ನಷ್ಟು ಸಡಿಲವಾಗುತ್ತಿದೆ. ಸುಣ್ಣದ ಗಾರೆಯ ಹಳೆಯ ಗೋಡೆಗೆ ಸಿಮೆಂಟು ಮೆತ್ತಿದರೆ ಒಳಗಿನ ತೇವ ಹೊರಬರಲಾರದೆ ಕಲ್ಲೇ ಕೆಡುತ್ತದೆಂದು ಸ್ಮಾರಕ ರಕ್ಷಣೆಯ ತಜ್ಞರು ಬಹುಕಾಲದಿಂದ ಎಚ್ಚರಿಸುತ್ತ ಬಂದಿದ್ದಾರೆ. ತುವಾರಿನ ಗೋಪುರಕ್ಕೆ ಒಗ್ಗಿದ್ದು ಮಳಖೇಡದ ಕಲ್ಲಿಗೆ ಒಗ್ಗೀತೇ ಎಂಬುದನ್ನು ಪರೀಕ್ಷಿಸಿಯೇ ತಿಳಿಯಬೇಕು. ಕೋಟೆಯಿಂದ ಉದುರಿಬಿದ್ದ ಒಂದು ಕಲ್ಲಿನ ಮೇಲೆ, ಒಂದು ಕಾಲೇಜಿನ ಪ್ರಯೋಗಶಾಲೆಯಲ್ಲಿ, ಈ ಸೀಮೆಯ ಹುಡುಗ ಹುಡುಗಿಯರ ಕೈಯಿಂದಲೇ ಆ ಪರೀಕ್ಷೆ ಆರಂಭವಾಗಬಹುದು. ಅದಕ್ಕೆ ಬೇಕಾದದ್ದು ದೊಡ್ಡ ಬಂಡವಾಳಕ್ಕಿಂತ ಹೆಚ್ಚಾಗಿ ತಾಳ್ಮೆ.

ನೃಪತುಂಗನ ಕಾಲದಲ್ಲಿ ಈ ಊರಿಗೆ ಹೆಸರು ತಂದದ್ದು ಕಲ್ಲಲ್ಲ, ವಿದ್ಯೆ. ನಮ್ಮ ಕಾಲದಲ್ಲಿ ಕಲ್ಲಷ್ಟೇ ಊರಿನ ಹೊರಗೆ ಹೋಗುತ್ತಿದೆ. ಕಲ್ಲಿನ ವಿದ್ಯೆಯೂ ಇಲ್ಲಿ ಬೆಳೆಯಲಿ ಎಂಬುದು ನನ್ನ ಹಾರೈಕೆ. ಅಗೆದ ಖಣಿ ಮತ್ತೆ ತುಂಬದು. ಕಲಿತ ವಿದ್ಯೆಯಾದರೋ ಹೆಪ್ಪಿನ ಹಾಗೆ ಕೊಟ್ಟಷ್ಟೂ ಬೆಳೆಯುತ್ತದೆ.

(ಬಾನುಲಿ ಭಾಷಣ)